ಚಿನ್ನಕ್ಕೂ ಕಿಲುಬು ಹಿಡಿಯುತ್ತೆ: ಸಿ.ವಿ. ರಾಮನ್‌ರನ್ನು ಪೂರ್ತಿಯಾಗಿ ನೆನೆಯೋಣ

ಪ್ರತಿ ವರ್ಷ ಫೆಬ್ರುವರಿ 28 ಬಂತು ಅಂದ್ರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಶಾಲೆ-ಕಾಲೇಜುಗಳಲ್ಲಿ ಅದೇ ಫೋಟೋ ಮೇಜಿನ ಮೇಲೆ ಬಂದು ಕೂರುತ್ತೆ. ಪೇಟ, ಕೋಟು, ಚೂಪು ನೋಟ. ಹಾರ ಹಾಕ್ತಾರೆ, ಊದಿನಕಡ್ಡಿ ಹಚ್ತಾರೆ, ರಸಪ್ರಶ್ನೆ ಮಾಡ್ತಾರೆ. ಸಮುದ್ರ ಯಾಕೆ ನೀಲಿ ಅಂತ ಒಬ್ಬ ಮನುಷ್ಯ ಕೇಳಿದ, ಚಿಲ್ಲರೆ ದುಡ್ಡಿನ ಉಪಕರಣದಲ್ಲಿ ಉತ್ತರ ಕಂಡುಕೊಂಡ, ನೊಬೆಲ್ ಬಂತು, ಜೈ ವಿಜ್ಞಾನ. 1987ರಿಂದ ರಾಷ್ಟ್ರೀಯ ವಿಜ್ಞಾನ ದಿನ ಅಂತ ನಾವು ಆಚರಿಸ್ತಿರೋದು ಬಹುಪಾಲು ಇಷ್ಟನ್ನೇ.

ಈ ಕತೆಯಲ್ಲಿ ಸುಳ್ಳು ಕಡಿಮೆ. ಆದರೆ ಬಿಟ್ಟುಹೋಗಿರುವುದು ತುಂಬಾ ಇದೆ. ಬಿಟ್ಟುಹೋಗಿರುವ ಭಾಗದಲ್ಲೇ ಇವತ್ತಿನ ನಮಗೆ ಬೇಕಾದ ರಾಜಕಾರಣ ಇದೆ ಅಂತ ನನ್ನ ವಾದ. ಅದನ್ನು ಹೇಳಲಿಕ್ಕೆ ನಾನು ಸಮುದ್ರದ ಬದಲು ಚಿನ್ನದಿಂದ ಶುರು ಮಾಡ್ತೀನಿ.

ಕಿಲುಬು ಹಿಡಿಯದ ಲೋಹ?

ಚನ್ನರಾಯಪಟ್ಟಣ ತಾಲೂಕಿನ ಕೆಂಪಿನಕೋಟೆಯಲ್ಲಿ ಹಳೇ ಕಾಲದ ಚಿನ್ನದ ಗಣಿಯ ಗುಂಡಿಗಳಿವೆ. ಅಲ್ಲಿನ ಶಿಲೆಗಳ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಭೂಮಿಯ ಒಳಗೆ ಕಬ್ಬಿಣ ಸಾಮಾನ್ಯವಾಗಿ ಆಮ್ಲಜನಕದ ಜೊತೆ ಸೇರಿಕೊಂಡ ಅದಿರಾಗಿ ಸಿಗುತ್ತೆ. ಚಿನ್ನ ಹಾಗಲ್ಲ, ಹೆಚ್ಚಾಗಿ ಚಿನ್ನವಾಗಿಯೇ ಸಿಗುತ್ತೆ. ಗಾಳಿ, ನೀರು, ಮಣ್ಣು ಯಾವುದೂ ಅದನ್ನು ಮುಟ್ಟಲ್ಲ. ನಮ್ಮ ಅಜ್ಜಿಯರು ಚಿನ್ನವನ್ನು ನಂಬಿದ್ದಕ್ಕೆ ಒಂದು ಕಾರಣ ಈ ರಸಾಯನಶಾಸ್ತ್ರ.

ಹಾಗಾದ್ರೆ ಕೆಲವು ಸರ, ಬಳೆ ಕಪ್ಪಾಗುತ್ತಲ್ಲ, ಅದೇನು? ಅದು ಚಿನ್ನದ ತಪ್ಪಲ್ಲ. 916 ಅಂತ ಮುದ್ರೆ ಇರುವ ಒಡವೆಯಲ್ಲಿ ಸಾವಿರಕ್ಕೆ 916 ಪಾಲು ಚಿನ್ನ. ಉಳಿದದ್ದು ಸಾಮಾನ್ಯವಾಗಿ ತಾಮ್ರ, ಬೆಳ್ಳಿ. ಬೆಸುಗೆ ಹಾಕಲು ಕಾಯಿಸಿದಾಗ ತಾಮ್ರ ಆಕ್ಸೈಡ್ ಆಗುತ್ತೆ, ಬೆವರು-ಗಾಳಿಯ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತೆ. ಅಕ್ಕಸಾಲಿಗಳು ಆಮ್ಲದಲ್ಲಿ ಅದ್ದಿ, ಅಂಟುವಾಳದ ನೀರಲ್ಲಿ ಉಜ್ಜಿ ತೆಗೆಯುವುದು ಈ ಕೊಳೆಯನ್ನೇ.

ಶುದ್ಧ ಚಿನ್ನಕ್ಕೆ ಕಿಲುಬೇ ಇಲ್ಲವಾ ಅಂದ್ರೆ, ಇದೆ. ಮನೆಯಲ್ಲಿ, ಬಯಲಲ್ಲಿ ಅಲ್ಲ. ಕೆಲವು ವಿಶೇಷ ಸ್ಥಿತಿಗಳಲ್ಲಿ ಮಾತ್ರ ಚಿನ್ನದ ಮೈಮೇಲೆ ಆಕ್ಸೈಡಿನ ಪದರ ಕೂರುತ್ತೆ. ಅದರ ದಪ್ಪ ಎಷ್ಟೋ ಸಲ ಒಂದೆರಡು ಅಣುಗಳಷ್ಟೇ. ಅಷ್ಟು ತೆಳುವಾದದ್ದು ಇದೆಯೋ ಇಲ್ಲವೋ ಅಂತ ನೋಡುವ ದಾರಿಗಳಲ್ಲಿ ಒಂದಕ್ಕೆ ಮೇಜಿನ ಮೇಲಿನ ಆ ಫೋಟೋದಲ್ಲಿರುವ ಮನುಷ್ಯನ ಹೆಸರಿದೆ.

ಲೆಕ್ಕಪತ್ರದ ಸಾಹೇಬ

ಚಂದ್ರಶೇಖರ ವೆಂಕಟ ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ಅಪ್ಪ ಕಾಲೇಜು ಮೇಷ್ಟ್ರು, ಗಣಿತ-ಭೌತಶಾಸ್ತ್ರ ಹೇಳಿಕೊಡ್ತಿದ್ದವರು. ಮನೆ ತುಂಬ ಪುಸ್ತಕ. ಹುಡುಗ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ. ಮುಗಿಸಿ ಚಿನ್ನದ ಪದಕ ತಗೊಂಡಾಗ ಇನ್ನೂ ಹದಿನಾರು ತುಂಬಿರಲಿಲ್ಲ. ಮೊದಲ ಸಂಶೋಧನಾ ಲೇಖನ 1906ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಬಂತು.

ಇಷ್ಟಿದ್ದರೂ ವಿಜ್ಞಾನ ಮಾಡಿ ಹೊಟ್ಟೆ ಹೊರೆಯುವ ದಾರಿ ಆಗಿನ ಭಾರತದಲ್ಲಿ ಇರಲಿಲ್ಲ. ಇಂಗ್ಲೆಂಡಿಗೆ ಹೋಗಲು ಆರೋಗ್ಯ ಸಾಲದು ಅಂತ ವೈದ್ಯರು ಹೇಳಿದರು. 1907ರಲ್ಲಿ ಹಣಕಾಸು ಇಲಾಖೆಯ ಪರೀಕ್ಷೆ ಬರೆದು ಕಲ್ಕತ್ತೆಯಲ್ಲಿ ಅಧಿಕಾರಿಯಾದರು. ಅದೇ ವರ್ಷ ಲೋಕಸುಂದರಿಯವರ ಜೊತೆ ಮದುವೆ.

ಕಲ್ಕತ್ತೆಯ ಬೌಬಜಾರ್‌ನಲ್ಲಿ ಒಂದು ಕಟ್ಟಡವಿತ್ತು. 1876ರಲ್ಲಿ ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು ಜನರಿಂದ ಚಂದಾ ಎತ್ತಿ ಕಟ್ಟಿದ ವಿಜ್ಞಾನ ಸಂಸ್ಥೆ. ಭಾರತೀಯರಿಗೆ ತಮ್ಮದೇ ಪ್ರಯೋಗಶಾಲೆ ಇರಬೇಕು ಅನ್ನೋದು ಅವರ ಹಟವಾಗಿತ್ತು. ಸರ್ಕಾರ್ ತೀರಿಹೋಗಿದ್ದರು, ಕಟ್ಟಡ ಹೆಚ್ಚುಕಡಿಮೆ ಖಾಲಿ ಬಿದ್ದಿತ್ತು. ರಾಮನ್ ಆಫೀಸಿಗೆ ಮುಂಚೆ ಒಂದು ಸಲ, ಆಫೀಸು ಮುಗಿದ ಮೇಲೆ ಮತ್ತೊಂದು ಸಲ ಅಲ್ಲಿಗೆ ಹೋಗಿ ಕೆಲಸ ಮಾಡತೊಡಗಿದರು. ಹತ್ತು ವರ್ಷ ಹೀಗೇ ನಡೆಯಿತು. 1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಪಾಲಿತ್ ಪ್ರಾಧ್ಯಾಪಕ ಹುದ್ದೆಗೆ ಕರೆದಾಗ, ಹೆಚ್ಚು ಸಂಬಳದ ಸರ್ಕಾರಿ ಕೆಲಸ ಬಿಟ್ಟು ಹೊರಟರು.

ಚಿಲ್ಲರೆ ದುಡ್ಡಿನ ಉಪಕರಣದ ಕತೆಯನ್ನು ಇಲ್ಲೇ ಸ್ವಲ್ಪ ನಿಲ್ಲಿಸಬೇಕು. ಉಪಕರಣ ಅಗ್ಗದ್ದಿರಬಹುದು. ಅದನ್ನಿಟ್ಟ ಮೇಜು, ಮೇಜಿದ್ದ ಕೋಣೆ, ಬೀಗದ ಕೈ ಕೊಟ್ಟ ಸಂಸ್ಥೆ, ಸಂಸ್ಥೆಗೆ ಐವತ್ತು ವರ್ಷ ಜನ ಹಾಕಿದ ದುಡ್ಡು, ಇದ್ಯಾವುದೂ ಅಗ್ಗದ್ದಲ್ಲ. ಸೂರ್ಯನ ಬೆಳಕನ್ನು ಒಟ್ಟುಮಾಡಲು ರಾಮನ್ ತಂಡ ಬಳಸಿದ್ದು ದೂರದರ್ಶಕದ 18 ಸೆಂ.ಮೀ. ಅಗಲದ ಮಸೂರ. ಅದು ಸಂತೆಯಲ್ಲಿ ಸಿಗುವ ಸಾಮಾನಲ್ಲ.

ಕಣ್ಣೆದುರಿನ ಬಣ್ಣಗಳು

ರಾಮನ್ ಕೆಲಸದಲ್ಲಿ ನನಗೆ ಇಷ್ಟವಾಗುವುದು ಅವರು ಆರಿಸಿಕೊಳ್ತಿದ್ದ ವಸ್ತುಗಳು. ತಬಲಾ-ಮೃದಂಗದ ನಾದ, ಪಿಟೀಲಿನ ತಂತಿ, ಉಸಿರು ತಾಗಿಸಿದ ಗಾಜಿನ ಮೇಲಿನ ಬಣ್ಣ. 1922ರಲ್ಲಿ ಅವರು 'ನೇಚರ್' ಪತ್ರಿಕೆಗೆ ಬರೆದ ಒಂದು ಪುಟ್ಟ ಟಿಪ್ಪಣಿ ಹದ ಮಾಡಿದ ಉಕ್ಕಿನ ಬಣ್ಣಗಳ ಬಗ್ಗೆ. ಕಮ್ಮಾರಸಾಲೆ ನೋಡಿದವರಿಗೆ ಗೊತ್ತು: ಉಜ್ಜಿ ಹೊಳಪು ಮಾಡಿದ ಉಕ್ಕನ್ನು ಕಾಯಿಸುತ್ತಾ ಹೋದರೆ ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ನೀಲಿ ಬಣ್ಣ ಬರುತ್ತೆ. ಉಕ್ಕಿನ ಮೈಮೇಲೆ ಆಕ್ಸೈಡಿನ ತೆಳು ಪದರ ಬೆಳೆಯುತ್ತಿರುವ ಗುರುತು ಅದು. ಕಮ್ಮಾರ ಆ ಬಣ್ಣ ನೋಡಿಯೇ ಹದ ತಿಳೀತಾನೆ. ಅಂದರೆ ಲೋಹದ ಮೇಲಿನ ತೆಳು ಪದರವನ್ನು ಬೆಳಕಿನಿಂದ ಅಳೆಯುವ ವಿದ್ಯೆ ಕುಲುಮೆಯ ಮುಂದೆ ಮೊದಲೇ ಇತ್ತು. ಆ ಬಣ್ಣಕ್ಕೆ ಪಠ್ಯಪುಸ್ತಕ ಕೊಡುವ ವಿವರಣೆ ಸಾಕಾ ಅಂತ ಕೇಳಿದವರು ರಾಮನ್.

1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ವಾಪಸ್ ಬರುವಾಗ ಸಮುದ್ರದ ನೀಲಿಯ ಬಗ್ಗೆ ಎದ್ದ ಪ್ರಶ್ನೆಯೂ ಇದೇ ಜಾತಿಯದು. ಆಕಾಶದ ನೀಲಿ ನೀರಲ್ಲಿ ಕಾಣುತ್ತೆ ಅನ್ನುವ ದೊಡ್ಡವರ ಉತ್ತರವನ್ನು ಅವರು ಒಪ್ಪಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಅಂತ ತೋರಿಸಿದರು. ಅಲ್ಲಿಂದ ಏಳು ವರ್ಷ ಅವರ ಶಿಷ್ಯರು ದ್ರವಗಳಲ್ಲಿ ಬೆಳಕು ಚದುರುವುದನ್ನು ನೋಡಿದರು. 1923ರಲ್ಲೇ ಕೆ.ಆರ್. ರಾಮನಾಥನ್‌ಗೆ ಒಂದು ಮಸುಕಾದ ಹೆಚ್ಚುವರಿ ಬೆಳಕು ಕಂಡಿತ್ತು. ದ್ರವ ಶುದ್ಧವಿಲ್ಲವೇನೋ ಅಂತ ಎಷ್ಟು ಸೋಸಿದರೂ ಅದು ಹೋಗಲಿಲ್ಲ. 1928ರ ಆರಂಭದಲ್ಲಿ ಕೆ.ಎಸ್. ಕೃಷ್ಣನ್ ದಿನಗಟ್ಟಲೆ ಕೂತು ಒಂದಾದ ಮೇಲೊಂದು ದ್ರವದಲ್ಲಿ ಅದನ್ನು ಕಂಡರು. ಫೆಬ್ರುವರಿ 28ರಂದು ಪಾದರಸದ ದೀಪದ ಬೆಳಕು ಹಾಯಿಸಿ ನೋಡಿದಾಗ ಹೊಸ ಗೆರೆಗಳು ಸ್ಪಷ್ಟವಾಗಿ ಕಂಡವು.

ವಿಷಯ ಇಷ್ಟೇ. ಒಂದು ಬಣ್ಣದ ಬೆಳಕು ಅಣುವಿಗೆ ಬಡಿದಾಗ ಹೆಚ್ಚಿನದೆಲ್ಲ ಅದೇ ಬಣ್ಣದಲ್ಲಿ ಚದುರುತ್ತೆ. ಆದರೆ ಕೋಟಿ ಕಣಗಳಲ್ಲಿ ಸುಮಾರು ಒಂದು, ಅಣುವಿನ ಕಂಪನಕ್ಕೆ ಸ್ವಲ್ಪ ಶಕ್ತಿ ಕೊಟ್ಟೋ ಅದರಿಂದ ತಗೊಂಡೋ ಬೇರೆ ಬಣ್ಣವಾಗಿ ಹೊರಬರುತ್ತೆ. ಎಷ್ಟು ಬದಲಾಯಿತು ಅಂತ ಅಳೆದರೆ ಒಳಗೆ ಯಾವ ಪರಮಾಣು ಯಾವುದರ ಜೊತೆ ಕೈ ಹಿಡಿದಿದೆ ಅನ್ನೋದು ತಿಳಿಯುತ್ತೆ. ಅದು ಅಣುವಿನ ಬೆರಳಚ್ಚು.

ಇದನ್ನು ರಾಮನ್ ವಿದ್ವಾಂಸರ ಮುಂದೆ ವಿವರವಾಗಿ ಮಂಡಿಸಿದ್ದು 1928ರ ಮಾರ್ಚ್ 16ರಂದು, ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಅದೇ ಹೊತ್ತಿಗೆ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಹರಳುಗಳಲ್ಲಿ ಇದನ್ನೇ ಕಂಡಿದ್ದರು. 1930ರ ನೊಬೆಲ್ ರಾಮನ್ ಒಬ್ಬರಿಗೇ ಬಂತು. ಕೃಷ್ಣನ್ ಹೆಸರು ನಮ್ಮ ರಸಪ್ರಶ್ನೆಯಲ್ಲಿ ಇವತ್ತಿಗೂ ಬರಲ್ಲ.

ಬೆಂಗಳೂರಿನ ದರ್ಬಾರು

1933ರಲ್ಲಿ ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ. ಭೌತಶಾಸ್ತ್ರ ವಿಭಾಗ ಕಟ್ಟಿದರು, 1934ರಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಸ್ಥಾಪಿಸಿದರು. ಜರ್ಮನಿಯಿಂದ ನಾಜಿಗಳು ಓಡಿಸಿದ ಮ್ಯಾಕ್ಸ್ ಬಾರ್ನ್‌ರನ್ನು ಕರೆತಂದು ಇಲ್ಲೇ ಉಳಿಸಿಕೊಳ್ಳಲು ನೋಡಿದರು. ಅದು ಆಗಿದ್ದರೆ ಬೆಂಗಳೂರಿನ ಚರಿತ್ರೆಯೇ ಬೇರೆ ಇರುತ್ತಿತ್ತು.

ಆಗಲಿಲ್ಲ. ರಾಮನ್ ಯಾರ ಮಾತೂ ಕೇಳ್ತಿರಲಿಲ್ಲ. ದುಡ್ಡನ್ನು ಬೇರೆ ವಿಭಾಗಗಳಿಂದ ತಮ್ಮ ವಿಭಾಗಕ್ಕೆ ಎಳೀತಾರೆ ಅನ್ನುವ ದೂರು ಬಂತು. ಬ್ರಿಟಿಷರ ಅಸಹನೆಯೂ ಅದರಲ್ಲಿ ಸೇರಿತ್ತು. ವಿಚಾರಣಾ ಸಮಿತಿ ಕೂತು ವರದಿ ಕೊಟ್ಟ ಮೇಲೆ 1937ರಲ್ಲಿ ನಿರ್ದೇಶಕ ಸ್ಥಾನ ಬಿಡಬೇಕಾಯ್ತು. 1948ರವರೆಗೆ ಅಲ್ಲೇ ಪ್ರಾಧ್ಯಾಪಕರಾಗಿ ಉಳಿದರು.

ಇವೆಲ್ಲ ಗಂಡಸರ ಜಗಳ, ಬಿಡಿ. ನನ್ನ ತಲೆಮಾರು ಮರೆಯಬಾರದ್ದು ಬೇರೆ ಇದೆ. 1933ರಲ್ಲಿ ಬಾಂಬೆ ವಿಶ್ವವಿದ್ಯಾಲಯದ ಪದವಿಯಲ್ಲಿ ಎಲ್ಲರಿಗಿಂತ ಮೇಲೆ ಅಂಕ ತೆಗೆದ ಕಮಲಾ ಭಾಗವತ್ ಐಐಎಸ್‌ಸಿಗೆ ಅರ್ಜಿ ಹಾಕಿದರು. ಹೆಣ್ಣು ಅಂತ ರಾಮನ್ ಬೇಡ ಅಂದರು. ಆಕೆ ಬೆಂಗಳೂರಿಗೇ ಬಂದು ಪಟ್ಟು ಹಿಡಿದು ಕೂತರು. ಕೊನೆಗೆ ಷರತ್ತಿನ ಮೇಲೆ ಸೇರಿಸಿಕೊಂಡರು: ಮೊದಲ ವರ್ಷ ಪರೀಕ್ಷಾರ್ಥ, ನಿರ್ದೇಶಕರಿಗೆ ತೃಪ್ತಿಯಾಗುವ ತನಕ ಮಾನ್ಯತೆ ಇಲ್ಲ, ಗಂಡು ವಿದ್ಯಾರ್ಥಿಗಳ ಗಮನ ಕೆಡಿಸಬಾರದು. ಅವಮಾನ ನುಂಗಿಕೊಂಡು ಕೆಲಸ ಮಾಡಿದ ಕಮಲಾ ಮುಂದೆ ಕೇಂಬ್ರಿಜ್‌ನಲ್ಲಿ 1939ರಲ್ಲಿ ಪಿಎಚ್‌.ಡಿ. ಪಡೆದರು. ಕಮಲಾ ಸೊಹೊನಿ ಅಂತ ಜೀವರಸಾಯನಶಾಸ್ತ್ರದಲ್ಲಿ ಹೆಸರಾದರು. ಆಕೆಯ ಕೆಲಸ ನೋಡಿದ ಮೇಲೆ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು ಅನ್ನೋದು ನಿಜ. ಆದರೆ ತೆರೆದದ್ದು ರಾಮನ್ ಔದಾರ್ಯ ಅಲ್ಲ, ಕಮಲಾ ಹಟ.

1940ರ ದಶಕದಲ್ಲಿ ಅನ್ನಾ ಮಣಿ ರಾಮನ್ ಪ್ರಯೋಗಶಾಲೆಯಲ್ಲಿ ವಜ್ರ, ಮಾಣಿಕ್ಯಗಳ ಮೇಲೆ ವರ್ಷಗಟ್ಟಲೆ ದುಡಿದರು. ಎಂ.ಎಸ್ಸಿ. ಇಲ್ಲ ಅಂತ ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್‌.ಡಿ. ಕೊಡಲಿಲ್ಲ. ಅವರು ಹವಾಮಾನ ಇಲಾಖೆಗೆ ಹೋಗಿ ಈ ದೇಶದ ಹವಾಮಾನ ಉಪಕರಣಗಳ ತಯಾರಿಕೆಯನ್ನೇ ಕಟ್ಟಿದರು. ಆ ಪ್ರಬಂಧ ತಿರಸ್ಕರಿಸಿದ್ದು ರಾಮನ್ ಅಲ್ಲ, ನಿಜ. ಆದರೆ ನೊಬೆಲ್ ಪಡೆದವರ ಪ್ರಯೋಗಶಾಲೆಯಲ್ಲಿ ದುಡಿದರೂ ಒಬ್ಬ ಹೆಣ್ಣುಮಗಳಿಗೆ ಆ ಪದವಿ ದಕ್ಕಲಿಲ್ಲ ಅನ್ನೋದೂ ನಿಜ.

ವಿಜ್ಞಾನದಲ್ಲೂ ಅವರು ಸೋತದ್ದುಂಟು. ಹರಳುಗಳಲ್ಲಿ ಪರಮಾಣುಗಳು ಹೇಗೆ ಕಂಪಿಸುತ್ತವೆ ಅನ್ನುವ ವಿಚಾರದಲ್ಲಿ, ತಾವೇ ಕರೆತಂದಿದ್ದ ಬಾರ್ನ್ ಸಿದ್ಧಾಂತವನ್ನು ಅವರು ದಶಕಗಟ್ಟಲೆ ವಿರೋಧಿಸಿದರು. ಲೋಕ ಒಪ್ಪಿದ್ದು ಬಾರ್ನ್‌ರನ್ನು.

1948ರ ನಂತರ ಅವರು ಮೈಸೂರು ಮಹಾರಾಜರು ಕೊಟ್ಟಿದ್ದ ಜಾಗದಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೂತರು. ಸರ್ಕಾರದ ದುಡ್ಡು ಬಂದರೆ ಅದರ ಹಿಂದೆ ಹಗ್ಗವೂ ಬರುತ್ತೆ ಅಂತ ಅದನ್ನು ಮುಟ್ಟಲಿಲ್ಲ. 1954ರಲ್ಲಿ ಭಾರತ ರತ್ನ ಬಂತು. ಆದರೂ ಸರ್ಕಾರಿ ವಿಜ್ಞಾನದ ಮೇಲಿನ ಸಿಟ್ಟು ಇಳಿಯಲಿಲ್ಲ. ಕೊನೆಯ ವರ್ಷಗಳಲ್ಲಿ ಮತ್ತೆ ಬಣ್ಣಗಳೇ: ಮುತ್ತು, ಓಪಲ್, ಹಕ್ಕಿಯ ಗರಿ, ಹೂವು. 1970ರ ನವೆಂಬರ್ 21ರಂದು ತೀರಿಕೊಂಡಾಗ ಸಂಸ್ಥೆಯ ತೋಟದಲ್ಲೇ ದಹನ ಮಾಡಿದರು. ಅಲ್ಲಿ ಸಮಾಧಿ ಕಟ್ಟಲಿಲ್ಲ, ಒಂದು ಮರ ನೆಟ್ಟರು.

ಒರಟು ಮೈಯ ಉಪಕಾರ

ಈಗ ಚಿನ್ನಕ್ಕೆ ವಾಪಸ್ ಬರೋಣ. ರಾಮನ್ ಬೆಳಕಿನ ಕಷ್ಟ ಏನಂದ್ರೆ ಅದು ವಿಪರೀತ ಮಸುಕು. ಒಂದು ಲೋಟ ದ್ರವದಲ್ಲಿ ಕಾಣಿಸುವುದೇ ಕಷ್ಟ ಅಂದಮೇಲೆ, ಲೋಹದ ಮೇಲೆ ಒಂದೇ ಸಾಲು ಅಣುಗಳಿದ್ದರೆ ಹೇಗೆ ಕಾಣಬೇಕು? ರಾಮನ್ ತೀರಿಕೊಂಡ ನಾಲ್ಕು ವರ್ಷಕ್ಕೆ, 1974ರಲ್ಲಿ, ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಫ್ಲೈಶ್‌ಮನ್ ಮತ್ತು ಜೊತೆಗಾರರು ಬೇಕಂತಲೇ ಒರಟು ಮಾಡಿದ ಬೆಳ್ಳಿಯ ಎಲೆಕ್ಟ್ರೋಡ್ ಮೇಲೆ ಪಿರಿಡಿನ್ ಎಂಬ ಅಣುವಿನ ರಾಮನ್ ಗೆರೆಗಳನ್ನು ಕಂಡರು. 1977ರ ಹೊತ್ತಿಗೆ ಬೇರೆ ಎರಡು ತಂಡಗಳು ಅದರ ಅರ್ಥ ಹಿಡಿದವು: ಲೋಹದ ಮೈಯ ಸೂಕ್ಷ್ಮ ಉಬ್ಬುತಗ್ಗುಗಳಲ್ಲಿ ಬೆಳಕು ಸಿಕ್ಕಿಕೊಂಡು, ಗುರುತು ಲಕ್ಷ ಪಟ್ಟು, ಅದಕ್ಕೂ ಮೀರಿ ದೊಡ್ಡದಾಗುತ್ತೆ. ನುಣುಪಾದ ಮೈ ಏನೂ ಹೇಳಲ್ಲ, ಒರಟು ಮೈ ಹೇಳುತ್ತೆ. ಚಿನ್ನಕ್ಕೂ ಇದು ಸಲ್ಲುತ್ತೆ.

ಚಿನ್ನದ ಆಕ್ಸೈಡ್ ಹುಟ್ಟುವುದು ಹೀಗೆ. ಚಿನ್ನದ ತಗಡನ್ನು ತೆಳು ಗಂಧಕಾಮ್ಲದಲ್ಲಿ ಇಟ್ಟು ವೋಲ್ಟೇಜ್ ಏರಿಸುತ್ತಾ ಹೋಗಿ. ಹೈಡ್ರೋಜನ್ ಎಲೆಕ್ಟ್ರೋಡಿಗೆ ಹೋಲಿಸಿ ಸುಮಾರು 1.3 ವೋಲ್ಟ್ ದಾಟುವ ತನಕ ಚಿನ್ನ ಜಗ್ಗಲ್ಲ. ಅಲ್ಲಿಂದಾಚೆ ನೀರಿನಿಂದ ಬಂದ ಆಮ್ಲಜನಕ ಮೈಮೇಲೆ ಕೂರುತ್ತೆ, ಆಮೇಲೆ ಚಿನ್ನದ ಪರಮಾಣುವಿನ ಜೊತೆ ಜಾಗ ಬದಲಿಸಿಕೊಂಡು ಒಳಗೆ ನುಗ್ಗುತ್ತೆ. ಓಜೋನ್ ಮತ್ತು ಅತಿನೇರಳೆ ಬೆಳಕು ಒಟ್ಟಿಗೆ ಬಿದ್ದರೂ, ಆಮ್ಲಜನಕದ ಪ್ಲಾಸ್ಮಾ ತಾಗಿದರೂ ಪದರ ಬರುತ್ತೆ. ಕಾಯಿಸಿದರೆ ಅದು ಒಡೆದುಹೋಗಿ ಮತ್ತೆ ಚಿನ್ನವೇ ಉಳಿಯುತ್ತೆ.

ಅಳೆಯುವುದು ಹೇಗೆ? ಒಂದು, ವೋಲ್ಟೇಜ್ ಇಳಿಸಿ ಪದರವನ್ನು ಕಿತ್ತುಹಾಕುವಾಗ ಹರಿಯುವ ವಿದ್ಯುತ್ತನ್ನು ಎಣಿಸುವುದು. ಒಂದು ಸಾಲಿನ ಪದರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 400 ಮೈಕ್ರೋಕೂಲಂಬ್. ಎರಡು, ಎಕ್ಸ್-ರೇ ಬಿಟ್ಟು ಹೊರಚಿಮ್ಮುವ ಎಲೆಕ್ಟ್ರಾನ್‌ಗಳ ಶಕ್ತಿ ನೋಡುವುದು. ಆಮ್ಲಜನಕಕ್ಕೆ ಅಂಟಿದ ಚಿನ್ನ ಬರೀ ಚಿನ್ನಕ್ಕಿಂತ ಬೇರೆ ಜಾಗದಲ್ಲಿ ಗುರುತು ಹಾಕುತ್ತೆ. ಮೂರನೆಯದು ರಾಮನ್: ವೋಲ್ಟೇಜ್ ಏರಿದಾಗ 560ರಿಂದ 590ರ ಆಸುಪಾಸಿನಲ್ಲಿ, ಬೆಳಕಿನ ತರಂಗಗಳನ್ನು ಸೆಂಟಿಮೀಟರಿಗೆ ಇಷ್ಟು ಅಂತ ಎಣಿಸುವ ಲೆಕ್ಕದಲ್ಲಿ, ಒಂದು ಅಗಲವಾದ ಉಬ್ಬು ಏಳುತ್ತೆ. ಇಳಿಸಿದರೆ ಮಾಯ. ಪದರ ಹುಟ್ಟುವುದನ್ನೂ ಸಾಯುವುದನ್ನೂ ನೀರೊಳಗೇ, ಆ ಕ್ಷಣದಲ್ಲೇ ನೋಡಬಹುದು. ಒಡವೆ ಅಂಗಡಿಯಲ್ಲಿ ಶುದ್ಧತೆ ತೋರಿಸುವ ಎಕ್ಸ್-ರೇ ಯಂತ್ರಕ್ಕೆ ಈ ಪದರ ಕಾಣಲ್ಲ. ಅದು ಇದಕ್ಕಿಂತ ಎಷ್ಟೋ ಆಳದವರೆಗಿನ ಲೋಹವನ್ನು ಒಟ್ಟಿಗೆ ಲೆಕ್ಕ ಹಾಕುತ್ತೆ.

ಇನ್ನೊಂದು ವಿಷಯ. ಚಿನ್ನವನ್ನು ಈ ಕೆಲಸಕ್ಕೆ ತಕ್ಕಷ್ಟು ಒರಟು ಮಾಡುವ ರೂಢಿಯ ದಾರಿ ಅಂದ್ರೆ, ಉಪ್ಪಿನ ದ್ರಾವಣದಲ್ಲಿ ಅದನ್ನು ಮತ್ತೆ ಮತ್ತೆ ಉತ್ಕರ್ಷಿಸಿ ಮತ್ತೆ ಮತ್ತೆ ವಾಪಸ್ ಚಿನ್ನವಾಗಿಸುವುದು. ಕಿಲುಬು ಏರಿಸಿ ಇಳಿಸಿದ ಚಿನ್ನವೇ ಮಾತಾಡುವ ಚಿನ್ನ. ಚಿಪ್ಪಿನ ಸಂಪರ್ಕ, ರಕ್ತಪರೀಕ್ಷೆಯ ಸಂವೇದಕ, ನೀರನ್ನು ಒಡೆದು ಇಂಧನ ತೆಗೆಯುವ ಸಂಶೋಧನೆ, ಹೀಗೆ ಚಿನ್ನದ ಮೈ ಬಳಕೆಯಾಗುವ ಕಡೆಯೆಲ್ಲ ಈ ಒಂದೆರಡು ಅಣುಗಳ ದಪ್ಪವೇ ಫಲಿತಾಂಶವನ್ನು ಬದಲಿಸಬಲ್ಲದು.

ನಮ್ಮ ಪ್ರಶ್ನೆ

ರಾಮನ್ ಎಂಬ ಚಿನ್ನಕ್ಕೂ ಹೀಗೇ ಪದರವಿತ್ತು. ಅಧಿಕಾರದ ವೋಲ್ಟೇಜ್ ಏರಿದಾಗ ಅದು ಮೇಲೆ ಬಂತು. ಅದನ್ನು ಉಜ್ಜಿ ಮುಚ್ಚಿ ಹೊಳೆಯುವ ಫೋಟೋ ಮಾಡುವವರೂ ಇದ್ದಾರೆ, ಪದರ ಕಂಡಿತು ಅಂತ ಚಿನ್ನವನ್ನೇ ಬಿಸಾಕುವವರೂ ಇದ್ದಾರೆ. ಸಾಮಾಜಿಕ ಜಾಲತಾಣದಲ್ಲಿ ದಿನಾ ನಡೆಯೋದು ಈ ಎರಡೇ. ಎರಡೂ ಸೋಮಾರಿತನ.

ಇಂಜಿನಿಯರಿಂಗ್ ಓದುವಾಗ ನನಗೆ ರಾಮನ್ ಅಂದ್ರೆ ಒಂದು ಸೂತ್ರ, ಎರಡು ಅಂಕ. ಉಪಕರಣವನ್ನು ಮುಟ್ಟಿ ನೋಡಿದ್ದಿಲ್ಲ. ಚಿಲ್ಲರೆ ದುಡ್ಡಿನ ಕತೆ ಅಪಾಯಕಾರಿ ಅನ್ನಿಸುವುದು ಇದಕ್ಕೇ. ದೊಡ್ಡ ವಿಜ್ಞಾನಕ್ಕೆ ದುಡ್ಡು ಬೇಡ, ಬುದ್ಧಿ ಸಾಕು ಅಂತ ಆ ಕತೆ ಸರ್ಕಾರಗಳಿಗೆ ಸಬೂಬು ಕೊಡುತ್ತೆ. ಭಾರತ ಸಂಶೋಧನೆಗೆ ಖರ್ಚು ಮಾಡೋದು ಜಿಡಿಪಿಯ ಶೇ. 0.64; ಇದು 2020-21ರ ಸರ್ಕಾರಿ ಲೆಕ್ಕ. ಜನರ ಚಂದಾದಿಂದ ಐವತ್ತು ವರ್ಷ ಉಳಿದ ಒಂದು ಕಟ್ಟಡ ಇಲ್ಲದಿದ್ದರೆ ರಾಮನ್ ಒಳ್ಳೇ ಲೆಕ್ಕಾಧಿಕಾರಿಯಾಗಿ ನಿವೃತ್ತರಾಗುತ್ತಿದ್ದರು.

ಹಾಗಾಗಿ ಮುಂದಿನ ಫೆಬ್ರುವರಿ 28ಕ್ಕೆ ಹಾರ ಹಾಕಿ, ಬೇಡ ಅನ್ನಲ್ಲ. ಕೃಷ್ಣನ್ ಫೋಟೋವನ್ನೂ, ಕಮಲಾ ಸೊಹೊನಿ ಫೋಟೋವನ್ನೂ ಪಕ್ಕದಲ್ಲಿಡಿ. ಆಮೇಲೆ ಅರಕಲಗೂಡಿನದೋ ಹೊಳೆನರಸೀಪುರದ್ದೋ ಕಾಲೇಜಿನ ಹುಡುಗಿಯೊಬ್ಬಳು ಎದ್ದು ನಿಂತು, ನಮ್ಮ ಪ್ರಯೋಗಶಾಲೆಗೆ ಕೊನೆಯ ಸಲ ಹೊಸ ಉಪಕರಣ ಬಂದಿದ್ದು ಯಾವಾಗ, ಅದರ ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಲಿ. ಅತಿಥಿಗಳು ಅದಕ್ಕೆ ಉತ್ತರ ಹೇಳಿಯೇ ತಿಂಡಿಗೆ ಏಳಲಿ.